ಕಂಬಕ್ಕೆ ಹೇಳಿಕೊಂಡ ಹರಕೆ

ಶಿರಿಯದ ಕವಲಿನಲ್ಲಿ ಕಂಬ ನೆಟ್ಟು ಪೊಲೀಸರು ಅದರ ತುದಿಗೆ ಕ್ಯಾಮರಾ ಕಟ್ಟಿದ ಮೇಲೆ ಊರಿನವರಿಗೆ ನಗುವುದಕ್ಕೆ ಬೇರೆ ಕಾರಣ ಬೇಕಾಗಲಿಲ್ಲ. ಮೀನಿನ ಬುಟ್ಟಿ ಹೊತ್ತು ಬರುವ ಸುಂದರಿ ಕಂಬದ ಬುಡದಲ್ಲಿ ನಿಂತು ಸೆರಗು ಸರಿಮಾಡಿಕೊಂಡು, "ಇವತ್ತು ಬೂತಾಯಿ ಮಾತ್ರ ಉಂಟು ಸಾರ್, ಅಂಜಲ್ ಇಲ್ಲ. ಬರ್ಕೊಳ್ಳಿ" ಎಂದು ಮೇಲೆ ನೋಡಿ ವರದಿ ಒಪ್ಪಿಸುತ್ತಿದ್ದಳು. ಆಟೋ ಓಡಿಸುವ ಧನರಾಜನಿಗೆ ಹೆಲ್ಮೆಟ್ ಹಾಕಲಿಲ್ಲವೆಂದು ದಂಡದ ಮೆಸೇಜು ಬಂತು. ಆಟೋದವನಿಗೆ ಹೆಲ್ಮೆಟ್! ಅವನು ತುಟಿಪಿಟಕ್ಕೆನ್ನದೆ ದಂಡ ಕಟ್ಟಿ, ಮರುದಿನದಿಂದ ಹೆಲ್ಮೆಟ್ ಹಾಕಿಕೊಂಡೇ ಆಟೋ ಓಡಿಸಿದ. ಹಿಂದೆ ಕೂರುವವರಿಗೆಂದು ಇನ್ನೊಂದನ್ನು ಸೀಟಿನ ಮೇಲೆ ಇಟ್ಟುಕೊಂಡಿದ್ದ.

ನಗದೆ ಮತ್ತೇನು ಮಾಡಬೇಕಿತ್ತು, ಹೇಳಿ. ತೆಂಕಿನ ಮಲಯಾಳ ಜಿಲ್ಲೆಯಿಂದ ಹೊಸ ಎಸ್.ಐ. ಬಂದ ಮೇಲೆ ಸಂಜೆ ಕಟ್ಟೆಯಲ್ಲಿ ನಾಲ್ಕು ಜನ ಕೂತರೆ ಸಾಕು, ಜೀಪು ಬಂದು ನಿಲ್ಲುತ್ತಿತ್ತು. ಫೋನು ತೆಗೆ, ಲಾಕು ಬಿಡಿಸು, ಯಾರಿಗೆ ಏನು ಕಳಿಸಿದ್ದಿ ತೋರಿಸು. ಮದುವೆಯ ಫೋಟೋದಲ್ಲಿದ್ದ ಹೆಂಗಸರು ಯಾರು ಯಾರೆಂದು ಕೂಡ ಕೇಳಿದರು, ನಾಚಿಕೆ ಮಾನ ಇಲ್ಲದವರು. ಕೋಪ ಬರುತ್ತಿತ್ತು. ಆದರೆ ಲಾಠಿ ಹಿಡಿದವನ ಮುಂದೆ ಕೋಪ ತೋರಿಸುವ ಗಂಡು ಯಾರಿದ್ದಾನೆ? ಹಾಗಾಗಿ ಕೋಪವೆಲ್ಲ ಕುಶಾಲು ಆಗಿ ಹೊರಗೆ ಬರುತ್ತಿತ್ತು.

ಕುಶಾಲಿಗೆ ಬೋಜನನ್ನು ಮೀರಿಸುವವರು ಇರಲಿಲ್ಲ. ಕವಲಿನಲ್ಲಿಯೇ ಅವನ ಟಯರು ಪಂಚರು ಹಾಕುವ ಅಂಗಡಿ. ಅರುವತ್ತು ಹತ್ತಿರವಾದರೂ ಬಾಯಿಗೆ ಬೀಗ ಬಿದ್ದಿರಲಿಲ್ಲ. ಅದೇ ಬಾಯಿಗೆ ಇನ್ನೊಂದು ಗೌರವದ ಕೆಲಸವೂ ಇತ್ತು. ಊರಿನಲ್ಲಿ ಯಾರ ಮನೆಯಲ್ಲಿ ದೈವಕ್ಕೆ ತಂಬಿಲದ ಪೂಜೆಯಾದರೂ, ಮನೆಯವರ ಪರವಾಗಿ ದೈವದ ಮುಂದೆ ನಿಂತು ಅರಿಕೆ ಮಾಡುವವನು ಬೋಜ. ಅದಕ್ಕೊಂದು ಕ್ರಮವಿದೆ. ಮೊದಲು ಮನೆಯ ಹೆಸರು, ಆಮೇಲೆ ತಾಯಿಯ ಹೆಸರು, ಆಮೇಲೆ ಹರಕೆ ಯಾರದ್ದೋ ಅವರ ಹೆಸರು; ಅದಾದ ಮೇಲೆಯೇ ಕಷ್ಟ ಏನು, ಒಪ್ಪಿಸುವುದೇನು ಎಂಬ ಮಾತು. ಹೆಸರಿಲ್ಲದ ಹರಕೆ ಎಂದರೆ ವಿಳಾಸವಿಲ್ಲದ ಕಾಗದ ಎಂದು ಬೋಜ ಹೇಳುತ್ತಿದ್ದ.

ಅವನ ತಂಗಿ ಅಪ್ಪಿ ಗಂಡ ತೀರಿದ ಮೇಲೆ ಬೀಡಿ ಕಟ್ಟಿ ಮಗನನ್ನು ಸಾಕಿದವಳು. ಮಗ ಪ್ರವೀತ್ ಕುಂಬಳೆ ಹತ್ತಿರದ ಅನಂತಪುರದ ಕೈಗಾರಿಕಾ ಎಸ್ಟೇಟಿನ ಪ್ಲೈವುಡ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಅವನಿಗೆ ದೋಹಾದಲ್ಲಿ ಕೆಲಸ ನಿಶ್ಚಯವಾಗಿತ್ತು. ವೀಸಾ ಬಂದಿತ್ತು. ಇವನ ಮೇಲೆ ಕೇಸು ಇಲ್ಲ ಎಂದು ಪೊಲೀಸರು ಕೊಡುವ ಸರ್ಟಿಫಿಕೇಟು ಒಂದು ಬಾಕಿ, ಅದು ಸಿಕ್ಕಿದರೆ ವಿಮಾನ ಹತ್ತುವುದೇ. ಬೋಜನಿಗೆ ಮಕ್ಕಳಿಲ್ಲ. ಅಳಿಯ ವಿಮಾನ ಹತ್ತುವುದನ್ನು ನೋಡಬೇಕೆಂಬುದು ಅವನ ಆಸೆಯೂ ಹೌದು.

ಪ್ರವೀತ್ ದಿನಾ ಬೈಕನ್ನು ಕಂಬದ ಕೆಳಗೆ ಇಟ್ಟು ಫ್ಯಾಕ್ಟರಿಯ ವ್ಯಾನು ಹತ್ತುತ್ತಿದ್ದ. ಸರಕಾರದ ಕಣ್ಣಿನ ಕೆಳಗೆ ಇಟ್ಟರೆ ಭಯವಿಲ್ಲ ಎಂದು ಆ ಪಾಪದವನ ಲೆಕ್ಕಾಚಾರ. ಒಂದು ಸಂಜೆ ಬಂದು ನೋಡಿದರೆ ಬೈಕಿದ್ದ ಜಾಗದಲ್ಲಿ ಆಯಿಲಿನ ಕಲೆ ಮಾತ್ರ ಇತ್ತು. ಠಾಣೆಗೆ ಹೋದರೆ, ಆ ದಿನ ಕ್ಯಾಮರಾ ಕೆಲಸ ಮಾಡುತ್ತಿರಲಿಲ್ಲ ಎಂದರು. ಅದೇ ದಿನ ಅದೇ ಕ್ಯಾಮರಾ ತೆಗೆದ ಫೋಟೋ ಸಮೇತ ಧನರಾಜನಿಗೆ ಮತ್ತೊಂದು ದಂಡ ಬಂದಿತ್ತು, ಈ ಸಲ ಸೀಟು ಬೆಲ್ಟಿಗೆಂದು. ಫೋಟೋದ ಮೂಲೆಯಲ್ಲಿ ಪ್ರವೀತನ ಬೈಕು ನೆಟ್ಟಗೆ ನಿಂತಿದೆ! ಅದನ್ನು ತೋರಿಸಿದ್ದಕ್ಕೆ, "ದಂಡದ ಸಿಸ್ಟಂ ಬೇರೆ, ಕಳ್ಳತನದ ಸಿಸ್ಟಂ ಬೇರೆ" ಎಂದು ಉತ್ತರ ಬಂತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಹತ್ತಿರ ಹೇಳುವುದು?

ನಮ್ಮ ಕಡೆ ಒಂದು ವಸ್ತು ಕಾಣೆಯಾದರೆ ಠಾಣೆಗಿಂತ ಮೊದಲು ಕೊರಗಜ್ಜನನ್ನು ನೆನೆಯುತ್ತಾರೆ. ಸಿಕ್ಕಿದರೆ ಚಕ್ಕುಲಿ, ವೀಳ್ಯ, ಕಳ್ಳು ಒಪ್ಪಿಸುತ್ತೇನೆ ಅಜ್ಜಾ ಎಂದು ಹೇಳಿಕೊಳ್ಳುತ್ತಾರೆ. ಮರುದಿನ ಮಧ್ಯಾಹ್ನ ಬೋಜ ಬಾಳೆಲೆಯಲ್ಲಿ ಇದೇ ಮೂರನ್ನು ಹಿಡಿದುಕೊಂಡು, ತಲೆಗೆ ಬೈರಾಸು ಸುತ್ತಿ, ಕಂಬದ ಮುಂದೆ ನಿಂತ.

"ಎಂತ ಬೋಜಣ್ಣ, ಅಜ್ಜ ಬೇಸರ ಮಾಡ್ಲಿಕ್ಕಿಲ್ವಾ?" ಎಂದು ಸುಂದರಿ ಕೇಳಿದಳು.

"ಅಜ್ಜ ಬಡವರ ದೈವ ಮಾರಾಯ್ತಿ. ಅವನಿಗೆ ಅರ್ಥ ಆಗ್ತದೆ. ಇವರಿಗೆ ಅರ್ಥ ಆಗುದಿಲ್ಲ, ಅದು ತೊಂದರೆ."

ಜನ ಸೇರಿದರು. ಬೋಜ ಕೈಮುಗಿದು, ತಂಬಿಲದಲ್ಲಿ ತೆಗೆಯುವ ಅದೇ ಗಂಭೀರ ಸ್ವರ ತೆಗೆದ. "ಹೇ ಕಂಬದ ಅಜ್ಜಾ! ಆಟೋದವನ ಬೋಳುತಲೆ ಕಾಣುವವ ನೀನು. ಯಾರು ಯಾರ ಬೈಕಿನಲ್ಲಿ ಕೂತರೆಂದು ಬಲ್ಲವ ನೀನು. ಕಡವುಮನೆಯ ಅಪ್ಪಿಯ ಮಗ ಪ್ರವೀತ್ ಎಂಬ ಬಾಲಕ ನಿನ್ನನ್ನೇ ನಂಬಿ, ನಿನ್ನ ಪಾದದಲ್ಲಿ ಬೈಕು ಇಟ್ಟು ಹೋದ. ನೀನು ಕಣ್ಣು ಮುಚ್ಚಿದ್ದು ಯಾಕೆ? ಅವನಿಂದ ಎಂತ ಅಪರಾಧ ಆಗಿದೆ? ಆದದ್ದು ಆಯ್ತು, ಹೊಟ್ಟೆಗೆ ಹಾಕಿಕೋ. ಕಳ್ಳನನ್ನು ತೋರಿಸಿಕೊಟ್ಟರೆ ಆ ಪ್ರವೀತ್ ನಿನಗೊಂದು ಹೊಸ ಕನ್ನಡಕ ಒಪ್ಪಿಸುತ್ತಾನೆ, ನಿನ್ನನ್ನು ನೆಟ್ಟವರಿಗೂ ಒಂದೊಂದು ಒಪ್ಪಿಸುತ್ತಾನೆ." ಕೊನೆಗೆ ಬುಡಕ್ಕೆ ಒಂದು ಗುಟುಕು ಕಳ್ಳು ಹೊಯ್ದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಂದರಿ ಬುಟ್ಟಿ ಕೆಳಗಿಟ್ಟು ನೆಲದಲ್ಲಿ ಕೂತುಬಿಟ್ಟಳು.

ಧನರಾಜ ಆಟೋದೊಳಗಿಂದ ವಿಡಿಯೋ ತೆಗೆದಿದ್ದ. ಅದರಲ್ಲಿ ಕಾಣುತ್ತಿದ್ದದ್ದು ಬೋಜನ ಬೆನ್ನು, ಬೈರಾಸು, ಕಂಬ. ಮುಖ ಯಾರದ್ದೂ ಇಲ್ಲ. ವಿಡಿಯೋ ಕುಂಬಳೆ ದಾಟಿತು, ಮಂಗಳೂರು ದಾಟಿತು, ದುಬೈಯಲ್ಲಿರುವ ಊರವರು ನಗುವ ಚಿತ್ರಗಳನ್ನು ರಾಶಿ ಹಾಕಿದರು. ಯಾರೋ ಕ್ಯಾಮರಾಕ್ಕೆ ಕನ್ನಡಕ ಬರೆದು ಕಳಿಸಿದರು. ಆ ವಾರ ಬೋಜನ ಅಂಗಡಿಗೆ ಪಂಚರು ಇಲ್ಲದವರೂ ಬಂದರು.

ಪೊಲೀಸರು ಪ್ರವೀತನನ್ನು ಫ್ಯಾಕ್ಟರಿಯ ಗೇಟಿನಿಂದಲೇ ಜೀಪಿಗೆ ಹಾಕಿಕೊಂಡು ಹೋದರು. ಹರಕೆ ಹೇಳುವಾಗ ಹುಡುಗ ಕವಲಿನಲ್ಲಿ ಇರಲೇ ಇಲ್ಲ. ಪ್ಲೈವುಡ್ಡಿಗೆ ಗೋಂದು ಹಚ್ಚುತ್ತಾ ಇದ್ದ. ಆದರೆ ಆ ಇಡೀ ವಿಡಿಯೋದಲ್ಲಿ ಕೇಳುವ ಹೆಸರು ಒಂದೇ ಒಂದು, ಅದೂ ಮನೆ ಸಮೇತ, ತಾಯಿ ಸಮೇತ. ಇಷ್ಟು ಸರಿಯಾದ ವಿಳಾಸ ಯಾವ ಪೊಲೀಸನಿಗೆ ಸಿಕ್ಕೀತು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಇಲ್ಲಿ ಬರೆ ಎಳೆಯಬೇಕಾದ ಎಮ್ಮೆಯನ್ನು ಬೋಜನೇ ಬೆರಳು ಮಾಡಿ ತೋರಿಸಿದ್ದ.

ಪೊಲೀಸರು ಕವಲಿಗೂ ಬಂದು ವಿಡಿಯೋ ಕೇಳಿಸಿ, ಈ ಸ್ವರ ಯಾರದ್ದು ಎಂದು ವಿಚಾರಿಸಿದರು. ಊರಿನ ನಾಯಿಗೂ ಗೊತ್ತಿದ್ದ ಸ್ವರ ಅದು. "ಇದಾ? ಎಲ್ಲಿಯೋ ಬಡಗಿನವರ ಸ್ವರದ ಹಾಗೆ ಉಂಟು ಸಾರ್" ಎಂದ ಧನರಾಜ. ಸುಂದರಿ ತನಗೆ ಕಿವಿ ಮಂದ ಎಂದಳು. ಬೋಜ ಅಲ್ಲಿಯೇ ಒಂದು ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ. ಅವನ ಕೈ ನಿಲ್ಲಲಿಲ್ಲ, ಚಕ್ರ ಕಲ್ಲಿನ ಹಾಗೆ ಗಟ್ಟಿಯಾದರೂ ಹೊಡೆಯುತ್ತಲೇ ಇದ್ದ. ಊರಿನವರು ಬೋಜನ ಮೇಲಿನ ಪ್ರೀತಿಯಿಂದಲೇ ಬಾಯಿ ಮುಚ್ಚಿಕೊಂಡರು. ಆ ಪ್ರೀತಿ ಪ್ರವೀತನನ್ನು ಒಳಗೆ ಇಟ್ಟಿತು. ಸಂಜೆ ವಾಟ್ಸಾಪಿನಲ್ಲಿ ಯಾರೋ ಬರೆದರು: ಕಂಬದ ಅಜ್ಜ ಭಾರಿ ಕಾರಣಿಕದವ, ಬೈಕು ಸಿಗದಿದ್ದರೂ ಬೈಕಿನವನು ಸಿಕ್ಕಿದ. ಅದಕ್ಕೂ ನಗುವ ಚಿತ್ರಗಳು ಬಿದ್ದವು. ಅದನ್ನು ಓದಿ ಬೋಜ ಮೊದಲ ಸಲ ಕುಶಾಲಿನ ಬಗ್ಗೆ ಅಸಹ್ಯಪಟ್ಟ.

ಮಾರನೆಯ ಬೆಳಿಗ್ಗೆ ತಂಗಿಯ ಮನೆಗೆ ಹೋಗಿ, "ನಡಿ, ನಾನೇ ಮಾಡಿದ್ದು ಅಂತ ಹೇಳಿ ಬರುವ. ಒಳಗೆ ಹಾಕುದಾದ್ರೆ ನನ್ನನ್ನು ಹಾಕಲಿ. ನನಗೆಂತ, ದೋಹಾಕ್ಕೆ ಹೋಗ್ಲಿಕ್ಕೆ ಉಂಟಾ?" ಎಂದ. ಅಪ್ಪಿ ಬಾಳೆಲೆಯಲ್ಲಿ ಅನ್ನ ಕಟ್ಟಿಕೊಂಡು ಅವನ ಹಿಂದೆ ಹೊರಟಳು. ಅವಳು ಬೈದಿದ್ದರೆ ಬೋಜನಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಠಾಣೆಯಲ್ಲಿ ಅವಳನ್ನು ಜಗಲಿಯ ಬೆಂಚಿನಲ್ಲಿ ಕೂರಿಸಿ ಬೋಜನನ್ನು ಒಳಗೆ ಕರೆದರು. ಎಸ್.ಐ. ಮಾತನಾಡುವುದು ಮಲಯಾಳ, ಬೋಜನಿಗೆ ಅದು ಕಷ್ಟವಿರಲಿಲ್ಲ. ಬರೆದುಕೊಳ್ಳಲು ಊರ ಕಡೆಯ ಪೊಲೀಸು ಉದಯಶಂಕರ ಕೂತಿದ್ದ.

"ಸಾರ್, ಅದು ನನ್ನ ಸ್ವರ" ಎಂದ ಬೋಜ. "ಹುಡುಗ ಅಲ್ಲಿ ಇರ್ಲೇ ಇಲ್ಲ. ನಿಮ್ಮ ಕ್ಯಾಮರಾ ತೆಗೆದು ನೋಡಿ, ನಾನು ಚಂದ ಕಾಣ್ತೇನೆ."

"ಆ ದಿನ ಕ್ಯಾಮರಾ ಕೆಲಸ ಮಾಡ್ತಾ ಇರ್ಲಿಲ್ಲ."

"ಆ ದಿನವೂ ಇಲ್ವಾ?"

"ಬುಡಕ್ಕೆ ಕಳ್ಳು ಹೊಯ್ದು ವಯರು ಹಾಳು ಮಾಡಿದ್ದೀರಿ. ಸರಕಾರದ ಸೊತ್ತು ನಾಶ ಮಾಡಿದ ಕೇಸು ಅದು, ಇಲ್ಲಿ ಜಾಮೀನು ಸಿಗುದಿಲ್ಲ. ಬೈಕು ಹೋದ ದಿನದ ವಿಡಿಯೋ ಸಿಗದ್ದೂ ಅದರಿಂದಲೇ."

"ಸಾರ್, ಬೈಕು ಹೋದದ್ದು ಮೊದ್ಲು. ನಾನು ಕಳ್ಳು ಹೊಯ್ದದ್ದು ಮರುದಿನ."

"ಅದನ್ನು ಕೋರ್ಟಿನಲ್ಲಿ ಹೇಳಿ." ಎಸ್.ಐ. ಚಹಾ ಕುಡಿದ. ಆಮೇಲೆ ಸಾವಕಾಶವಾಗಿ ಕೇಳಿದ: "ನಿಮ್ಮದೇ ಸ್ವರವಾದರೆ ನಿಮ್ಮ ಹೆಸರು ಹೇಳಬೇಕಿತ್ತಲ್ಲ? ಪ್ರವೀತ್ ಅಂತ ಯಾಕೆ ಹೇಳಿದ್ದು?"

ಇದು ಬೋಜನಿಗೆ ಗೊತ್ತಿದ್ದ ವಿಷಯ. ಊರಿನ ಕ್ರಮ ತಿಳಿಯದ ದೊಡ್ಡ ಮನುಷ್ಯನಿಗೆ ತಿಳಿಸಿ ಹೇಳಿದರೆ ಅರ್ಥವಾದೀತು, ಹುಡುಗನನ್ನು ಬಿಟ್ಟಾರು ಎಂದು ಅವನು ನಂಬಿದ. ಬೆನ್ನು ನೆಟ್ಟಗೆ ಮಾಡಿ ಕೂತು, ಮನೆಯ ಹೆಸರು, ತಾಯಿಯ ಹೆಸರು, ಹರಕೆಯವನ ಹೆಸರು ಎಂದು ಒಂದೊಂದಾಗಿ ವಿವರಿಸಿದ. "ಅರಿಕೆ ಮಾಡುವವ ತನ್ನ ಹೆಸರು ಹೇಳುವ ಕ್ರಮ ಇಲ್ಲ ಸಾರ್. ನಾನು ಬಾಯಿ ಮಾತ್ರ. ಮಾತು ಅವರದ್ದು."

ಉದಯಶಂಕರನ ಪೆನ್ನು ನಿಂತಿತು. ಅವನು ಬೋಜನ ಕಡೆ ನೋಡಿದ ನೋಟದಲ್ಲಿ, ಎಂತ ಮಾಡಿದಿರಿ ಮಾರಾಯ್ರೆ, ಎಂಬುದಿತ್ತು.

"ಮಾತು ಪ್ರವೀತನದ್ದು," ಎಂದ ಎಸ್.ಐ. "ಸರಿ. ಹಾಗೇ ಬರಿ. ಅವನು ಹೇಳಿಸಿದ, ಇವರು ಹೇಳಿದರು."

"ಇಲ್ಲ ಸಾರ್! ಅವ ಹೇಳಿಸ್ಲಿಲ್ಲ. ಅವನಿಗೆ ಗೊತ್ತೇ ಇಲ್ಲ!"

"ಮತ್ತೆ ಗೊತ್ತಿಲ್ಲದವರ ಹರಕೆಯನ್ನು ನೀವು ಹೇಳ್ತೀರಾ? ದೈವದ ಮುಂದೆ ಹಾಗೆ ಸುಳ್ಳು ಹೇಳುವ ಕ್ರಮ ಉಂಟಾ ನಿಮ್ಮ ಊರಿನಲ್ಲಿ?"

ಬೋಜ ಉಂಟು ಎಂದರೆ ಇಷ್ಟು ವರ್ಷ ಎಷ್ಟೋ ಅಂಗಳಗಳಲ್ಲಿ ಕೈಮುಗಿದು ಹೇಳಿದ್ದೆಲ್ಲ ಸುಳ್ಳಾಗುತ್ತಿತ್ತು. ಇಲ್ಲ ಎಂದರೆ ಅಳಿಯ ಹೋದ. ಕೊನೆಗೆ ಅವನು, "ಉಂಟು ಸಾರ್. ನಾನು ಸುಳ್ಳು ಹೇಳಿದ್ದು. ಯಾವಾಗ್ಲೂ ಸುಳ್ಳೇ ಹೇಳಿದ್ದು. ಹಾಗೇ ಬರೀರಿ" ಎಂದು ಬೇಡಿಕೊಂಡ. ಮಾನ ಮರ್ಯಾದೆ ಎಲ್ಲವನ್ನೂ ಆ ಮೇಜಿನ ಮೇಲೆ ಸುರಿದುಬಿಟ್ಟ.

ಎಸ್.ಐ. ಮೇಜಿನ ಮೇಲೆ ಮಗುಚಿ ಹಾಕಿದ್ದ ಫೋನು ಎತ್ತಿ ತೋರಿಸಿದ. ಬೋಜ ಬಂದು ಕೂತಾಗಿನಿಂದ ಅದು ರೆಕಾರ್ಡು ಮಾಡುತ್ತಿತ್ತು. ಇದೊಂದು ಮಾತ್ರ ಸರಿಯಾಗಿ ಕೆಲಸ ಮಾಡುತ್ತಿತ್ತು, ಹಾಳಾದ್ದು. "ಮೊದಲು ಹೇಳಿದ್ದು ಸಾಕು. ಸೈನು ಕೂಡ ಬೇಡ. ನೀವು ಮನೆಗೆ ಹೋಗಿ."

"ನನ್ನನ್ನು ಒಳಗೆ ಹಾಕುದಿಲ್ವಾ?"

"ನಿಮ್ಮನ್ನು ಯಾಕೆ? ನೀವು ಬಾಯಿ ಮಾತ್ರ. ಈ ಕೇಸಿನಲ್ಲಿ ನೀವು ಒಂದನೇ ಸಾಕ್ಷಿ."

ಹೊರಗೆ ಬಾಗಿಲಿನವರೆಗೆ ಉದಯಶಂಕರ ಜೊತೆಗೆ ಬಂದ. ಹುಡುಗನನ್ನು ಮಧ್ಯಾಹ್ನ ಕೋರ್ಟಿಗೆ ಕೊಂಡುಹೋಗುತ್ತಾರೆ, ಅಲ್ಲಿಂದ ಸಬ್‌ಜೈಲಿಗೆ, ಇನ್ನು ಸರ್ಟಿಫಿಕೇಟಿನ ಆಸೆ ಇಟ್ಟುಕೊಳ್ಳಬೇಡಿ ಎಂದು ತಗ್ಗಿದ ಸ್ವರದಲ್ಲಿ ಹೇಳಿದ. "ನೀವು ಬರದಿದ್ರೆ ನಾಳೆ ನಾಡಿದ್ದು ಬಿಡ್ತಿದ್ರೋ ಏನೋ. ಕೈಯಲ್ಲಿ ಎಂತ ಸಹ ಇರ್ಲಿಲ್ಲ ಅವರ ಹತ್ರ."

ಅಪ್ಪಿ ಎದ್ದು ನಿಂತಳು. "ಬಿಟ್ರಾ ಅಣ್ಣ?"

ಬೋಜ ಮುಚ್ಚಿಡಲಿಲ್ಲ. ನಾನೇ ಸಿಕ್ಕಿಸಿ ಹಾಕಿದೆ ಅಪ್ಪಿ, ಎಂದ. ನನ್ನ ಮಾತಿನಿಂದಲೇ ಅವನನ್ನು ಜೈಲಿಗೆ ಕಳಿಸುತ್ತಾರೆ, ನನ್ನನ್ನು ಅದಕ್ಕೆ ಸಾಕ್ಷಿ ಮಾಡಿದ್ದಾರೆ, ಎಂದ. ಹೇಳುವಾಗ ಅವನು ಮಗುವಿನ ಹಾಗೆ ಅತ್ತ.

ಅಪ್ಪಿ ಅಳಲಿಲ್ಲ. ಹುಟ್ಟಿದಾಗಿನಿಂದ ಒಂದು ಕುಶಾಲಿನ ಮಾತು ಆಡಿ ಗೊತ್ತಿಲ್ಲದ ಹೆಂಗಸು ಅವಳು. ಅಣ್ಣ ನಗಿಸಿದರೆ ನಗುವುದಷ್ಟೇ ಅವಳಿಗೆ ತಿಳಿದಿದ್ದದ್ದು.

"ಒಳ್ಳೆದೇ ಆಯ್ತಲ್ಲ ಅಣ್ಣ" ಎಂದಳು. "ದೋಹಾಕ್ಕೆ ಹೋಗಿದ್ರೆ ಅವ ಉಂಡನಾ, ಮಲಗಿದನಾ ಅಂತ ನನಗೆ ಗೊತ್ತಾಗ್ತಾ ಇರ್ಲಿಲ್ಲ. ಇನ್ನು ಸರಕಾರವೇ ಹಗಲು ರಾತ್ರಿ ನೋಡಿಕೊಳ್ತದೆ. ನನ್ನ ಹಾಗಿದ್ದ ಭಾಗ್ಯವಂತೆ ಈ ಊರಿನಲ್ಲಿ ಯಾರುಂಟು? ನೀನು ಹೋಗಿ ಕವಲಿನಲ್ಲಿ ಹೇಳು ಇದನ್ನು. ನಗ್ತಾರೆ."

ಅವಳು ಅನ್ನದ ಪೊಟ್ಟಣವನ್ನು ಉದಯಶಂಕರನ ಕೈಗೆ ಕೊಟ್ಟಳು. ಅವನು ಅದನ್ನು ಬಿಡಿಸಿ, ಬೆರಳಿನಿಂದ ಅನ್ನ ಕೆದಕಿ ನೋಡಿ, ಮತ್ತೆ ಕಟ್ಟಿ ಒಳಗೆ ತೆಗೆದುಕೊಂಡು ಹೋದ.