ನೋವಾದರೆ ಎಡಗೈ ಎತ್ತಿ

ನನ್ನ ಹಲ್ಲಿನ ಬಗ್ಗೆ ನನ್ನೊಬ್ಬಳನ್ನು ಬಿಟ್ಟು ಎಲ್ಲರೂ ಮಾತಾಡಿ ಮುಗಿಸಿದ್ದಾರೆ. ನನ್ನ ಗಂಡ, ಗಂಡನ ಬಾಸು, ಬಾಸಿನ ಹೆಂಡತಿ, ಜರ್ಮನಿಯ ಬೊಬ್ಲಿಂಗೆನ್ ಊರಿನ ಹಲ್ಲಿನ ಡಾಕ್ಟರಮ್ಮ. ಈಗ ನನ್ನ ಸರದಿ. ಸಿಟ್ಟಿನಲ್ಲೇ ಹೇಳುತ್ತೇನೆ. ಸಮಾಧಾನ ಮಾಡಿಕೊಂಡು ಹೇಳಮ್ಮ ಅನ್ನುವವರು ಈಗಲೇ ಎದ್ದು ಹೋಗಬಹುದು.

ನನ್ನ ಹೆಸರು ಬಸವೇಶ್ವರಿ. ಹುಟ್ಟಿದ್ದು ಮುಂಡರಗಿ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದನ್ನು ಕುಡಿದು ಬೆಳೆದವರೆಲ್ಲರ ಹಲ್ಲಿನ ಮೇಲೂ ಕಂದು ಪಟ್ಟೆಗಳಿರುತ್ತವೆ. ನನ್ನ ಹಲ್ಲಿಗೆ ಬಣ್ಣವಷ್ಟೇ ಬಂದಿದೆ, ಗಟ್ಟಿತನಕ್ಕೇನೂ ಕೊರತೆಯಿಲ್ಲ. ನಮ್ಮ ಅಜ್ಜಿ ಗಂಗವ್ವ ಅದೇ ಬಣ್ಣದ ಹಲ್ಲಿನಲ್ಲಿ ಕೊನೆಯವರೆಗೂ ಕಬ್ಬು ಸಿಗಿದು ತಿಂದವಳು. ಇಡೀ ಶಾಲೆಯೇ ಕಂದು ಕಂದಾಗಿ ನಗುತ್ತಿದ್ದುದರಿಂದ ಜಗತ್ತಿನಲ್ಲಿ ಹಲ್ಲು ಅಂದರೆ ಹೀಗೇ ಅಂದುಕೊಂಡಿದ್ದೆ.

ಗಂಡನ ಹೆಸರು ಸಿದ್ದಲಿಂಗೇಶ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂದು ನನ್ನನ್ನು ಬೆಳೆಸಿದ್ದಾರೆ. ಇವತ್ತು ಹೇಳುತ್ತೇನೆ. ಹುಬ್ಬಳ್ಳಿಯವರು, ಕಂಪ್ಯೂಟರ್ ಕಲಿತವರಿಗೆ ಜರ್ಮನಿಯವರು ಗ್ರೀನ್ ಕಾರ್ಡ್ ಕೊಡಲು ಶುರುಮಾಡಿದಾಗ ಮೊದಮೊದಲು ಬಂದವರಲ್ಲಿ ಒಬ್ಬರು. ಕಾರಿನ ಬಿಡಿಭಾಗ ಮಾಡುವ ಕಂಪನಿಗೆ ಸಾಫ್ಟ್‌ವೇರ್ ಬರೆಯುತ್ತಾರೆ. ಹೆಣ್ಣು ನೋಡಲು ಬಂದಾಗ ನಾನು ಬೇಕೆಂದೇ ಬಾಯಿ ತುಂಬ ನಕ್ಕಿದ್ದೆ. ಮುಚ್ಚಿಟ್ಟು ಮದುವೆ ಮಾಡಿದರು ಅಂತ ನಾಳೆ ಯಾರೂ ಅನ್ನಬಾರದಲ್ಲ. "ಹಲ್ಲ ತಗೊಂಡು ಏನ್ ಮಾಡೂದೈತಿ ಬೇ, ಹುಡುಗಿ ಚಲೋ ಅದಾಳ" ಎಂದು ಅವರು ತಮ್ಮ ಅವ್ವನಿಗೆ ಹೇಳಿದ್ದು ಬಾಗಿಲ ಮರೆಯಲ್ಲಿದ್ದ ನನಗೆ ಕೇಳಿಸಿತ್ತು. ಆ ಒಂದು ಮಾತಿಗೆ ಕರಗಿ ನೀರಾಗಿದ್ದೆ, ಹುಚ್ಚಿ.

ಜರ್ಮನಿಗೆ ಬಂದ ಮೇಲೆ ಅದೇ ಹಲ್ಲು ಅವರ ಕಣ್ಣಿಗೆ ಚುಚ್ಚತೊಡಗಿತು. ಕ್ರಿಸ್‌ಮಸ್ ಸಂತೆಯಲ್ಲಿ ಬಾಸಿನ ಹೆಂಡತಿ ನನ್ನ ಬಾಯಿ ನೋಡಿ, ಇವಳು ತುಂಬ ಸಿಗರೇಟು ಸೇದುತ್ತಾಳೇನು ಎಂದು ಕೇಳಿದಳಂತೆ. ನನ್ನನ್ನಲ್ಲ, ಇವರನ್ನು. ಇವರು ಹೌದು, ಬಿಡಿಸುತ್ತಿದ್ದೇನೆ ಅಂದುಬಿಟ್ಟರು! ಬಸ್‌ಸ್ಟಾಪಿನಲ್ಲಿ ಯಾರಾದರೂ ಸೇದುತ್ತಿದ್ದರೆ ಮಳೆಯಲ್ಲಾದರೂ ಹೊರಗೆ ನಿಲ್ಲುವವಳು ನಾನು.

"ಮತ್ತೇನ್ ಹೇಳ್ಲಿ?" ಎಂದು ನನ್ನ ಮೇಲೇ ರೇಗಿದರು. "ನಮ್ಮ ಕಡೆ ಕುಡಿಯೂ ನೀರ ಸುಮಾರ ಐತಿ ಅಂತ ಬಾಸ್ ಮುಂದ ಹೇಳ್ಲೇನು?"

ಅಂದಿನಿಂದ ಫೋಟೋ ತೆಗೆಯುವಾಗಲೆಲ್ಲ ಒಂದೇ ಮಾತು: "ಬಾಯಿ ಮುಚ್ಚಿ ನಗು." ಬಾಯಿ ಮುಚ್ಚಿ ನಗುವುದನ್ನು ನೀವೇ ಕನ್ನಡಿ ಮುಂದೆ ಮಾಡಿ ನೋಡಿ. ಹೊಟ್ಟೆನೋವು ಬಂದವರ ಹಾಗೆ ಕಾಣುತ್ತೀರಿ.

ಚಳಿಗಾಲದ ಕೊನೆಯಲ್ಲಿ ಬಲಗಡೆಯ ಕೆಳಗಿನ ದವಡೆ ಹಲ್ಲು ನೋಯತೊಡಗಿತು. ಡಾಕ್ಟರ ಹತ್ತಿರ ಕೇಳಬೇಕಾದ್ದನ್ನೆಲ್ಲ ನಾನು ಬಸ್ಸಿನಲ್ಲೇ ಇವರಿಗೆ ಒಪ್ಪಿಸಿದೆ. ಹಲ್ಲು ಕೀಳಬೇಕೋ, ತುಂಬಿದರೆ ಸಾಕೋ? ತುಂಬಿದ್ದು ಎಷ್ಟು ವರ್ಷ ಬಾಳಿಕೆ ಬರುತ್ತದೆ? ಬ್ರಷ್ ಮಾಡುವಾಗ ವಸಡಿನಿಂದ ರಕ್ತ ಯಾಕೆ ಬರುತ್ತದೆ? ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತವೆ ಅನ್ನುತ್ತಾರಲ್ಲ, ನಿಜವೋ ಸುಳ್ಳೋ? ಇವರು ಹೂಂ ಹೂಂ ಅಂದರು.

ಒಳಗೆ ಹೋದ ಮೇಲೆ ಇಷ್ಟನ್ನೂ ಒಂದೇ ಉಸಿರಿನಲ್ಲಿ ಜರ್ಮನ್ನಿನಲ್ಲಿ ಹೇಳಿ ಮುಗಿಸಿದರು. ನರೆಗೂದಲಿನ ಆ ಡಾಕ್ಟರಮ್ಮ ಪಾಪ, ಬೆರಳನ್ನೇ ಹಲ್ಲು ಮಾಡಿ ತೋರಿಸುತ್ತ ಎಷ್ಟೋ ಹೊತ್ತು ವಿವರಿಸಿದರು.

"ಏನಂದ್ರು?" ಎಂದೆ.

"ಏನಿಲ್ಲಂತ. ಕುಂಡ್ರು."

"ಅಷ್ಟೊತ್ತು ಮಾತಾಡಿದ್ರಲ್ರೀ?"

"ಅದೆಲ್ಲಾ ನಿನಗ ತಿಳಿಯೂದಿಲ್ಲ. ಬಾಯಿ ತಗಿ."

ಆಮೇಲೆ ಡಾಕ್ಟರಮ್ಮ ನನ್ನ ತಲೆಯ ಮೇಲಿಂದ ಇವರಿಗೆ ಏನೋ ಕೇಳಿದರು. ಇವರು "ನೈನ್, ನೈನ್" ಎಂದು ಕೈಯಾಡಿಸಿದರು. ಇಲ್ಲ, ಬೇಡ ಎಂದು. ಏನು ಬೇಡ ಅಂದರೋ ನನಗೆ ತಿಳಿಯಲಿಲ್ಲ. ಡಾಕ್ಟರಮ್ಮ ತಮ್ಮ ಎಡಗೈ ಮೇಲೆತ್ತಿ ನನಗೆ ತೋರಿಸಿದರು.

"ನೋವಾದ್ರ ಎಡಗೈ ಎತ್ತಬೇಕಂತ," ಅಂದರು ಇವರು. ಅವತ್ತು ಪೂರ್ತಿಯಾಗಿ ಅನುವಾದವಾದದ್ದು ಇದೊಂದೇ ಮಾತು.

ಎಡಗೈ! ನಮ್ಮ ಮನೆಯಲ್ಲಿ ಎಡಗೈಯಲ್ಲಿ ಒಂದು ಬಾಳೆಹಣ್ಣು ಕೊಟ್ಟರೂ ಗಂಗವ್ವ ಮಣಿಕಟ್ಟಿನ ಮೇಲೆ ಪಟ್ಟನೆ ಹೊಡೆಯುತ್ತಿದ್ದಳು. "ಹಿರೇರ ಮುಂದ ಎಡಗೈ ಆಡಸ್ತಿ ಏನ, ಸೊಕ್ಕಿನಾಕಿ!" ಅಯ್ಯನವರಿಗೆ, ಮಾಸ್ತರರಿಗೆ, ಡಾಕ್ಟರಿಗೆ ಆ ಕೈಯನ್ನು ತೋರಿಸುವುದೆಂದರೆ ಮುಖಕ್ಕೆ ಉಗಿದಂತೆ. ಮೆಷಿನ್ನು ನರಕ್ಕೆ ತಾಗಿದಾಗ ನಾನು ಬಲಗೈ ಎತ್ತಿದೆ. ಅದು ಡಾಕ್ಟರಮ್ಮನ ಮೊಣಕೈಗೆ ಬಡಿಯಿತು. ಸಹಾಯಕಿ ಅದನ್ನು ಮೆತ್ತಗೆ ಕೆಳಗಿಳಿಸಿ ಎಡಗೈಯನ್ನು ತಟ್ಟಿ ತೋರಿಸಿದಳು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಕಣ್ಣೀರು ಕಿವಿಯೊಳಗೆ ಇಳಿಯಿತು. ಕೈ ಮೇಲೇಳದ್ದಕ್ಕೆ ನೋವಿಲ್ಲವೆಂದು ತಿಳಿದು ಅವರು ಕೊನೆಯವರೆಗೂ ಕೊರೆದರು. ಮುಗಿದ ಮೇಲೆ ಬೆನ್ನು ತಟ್ಟಿ ಏನೋ ಅಂದರು.

"ಭಾಳ ಧೈರ್ಯವಂತಿ ಅಂತ ನೀ," ಎಂದು ಇವರು ಎದೆಯುಬ್ಬಿಸಿದರು. ತಮ್ಮದೇ ಹಲ್ಲು ಕೊರೆಸಿಕೊಂಡು ಬಂದವರ ಹಾಗೆ.

ಆ ಭಾನುವಾರ ಇವರ ಸಹೋದ್ಯೋಗಿ, ಬೆಂಗಳೂರಿನ ಸುಹಾಸ್, ರೊಟ್ಟಿ ಊಟಕ್ಕೆ ಬಂದಿದ್ದ. ಇವರು ನನ್ನ ಪರಾಕ್ರಮವನ್ನು ಬಣ್ಣಿಸಿದರು. ಸುಹಾಸನ ಕೈಯ ತುತ್ತು ಅಲ್ಲೇ ನಿಂತಿತು.

"ಇಂಜೆಕ್ಷನ್ ಇಲ್ದೇನಾ ಗುರು? ನಾನಾಗಿದ್ರೆ ಡಾಕ್ಟರ್ ಬೆರಳೇ ಕಚ್ಬಿಡ್ತಿದ್ದೆ. ಬೇಕಾ ಅಂತ ಕೇಳ್ತಾರಲ್ಲ ಇಲ್ಲಿ? ನಾನಂತೂ ಎರಡು ಕೊಡಿ ಅಂದಿದ್ದೆ. ಅತ್ತಿಗೆ, ನಿಮ್ಮನ್ನ ಕೇಳ್ಲಿಲ್ವಾ?"

ನಾನು ಇವರ ಮುಖ ನೋಡಿದೆ. ಇವರು ಚಟ್ನಿಪುಡಿಗೆ ಮೊಸರು ಕಲಸುತ್ತಿದ್ದರು. ಸುಹಾಸ್ ಹೋದ ಮೇಲೆ ಕೇಳಿದೆ, "ನನಗ್ಯಾಕ ಬ್ಯಾಡ ಅಂದ್ರಿ?"

"ಸೂಜಿ ಅಂದ್ರ ನಿನಗ ಅಂಜಿಕಿ ಅಲ್ಲ, ಅದಕ್ಕ."

ಸೂಜಿಗೆ ಅಂಜುವವಳು ಕೊರೆಯುವ ಮೆಷಿನ್ನಿಗೆ ಅಂಜುವುದಿಲ್ಲವೇ? ಇಂಥ ತಲೆಯವರು ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುತ್ತಾರೆ, ಜನ ನಂಬಿಕೊಂಡು ಕಾರು ಓಡಿಸುತ್ತಾರೆ. ಆ ವಾರವೇ ಜರ್ಮನ್ ಕ್ಲಾಸಿಗೆ ಸೇರಿದೆ. ಅಲ್ಲಿ ಟೀಚರಿಗೆ ಸೂಜಿ ಚುಚ್ಚುವಂತೆ ಅಭಿನಯಿಸಿ ತೋರಿಸಿ ಮೊದಲು ಕಲಿತ ಪದ "ಶ್ಪ್ರಿಟ್ಸೆ". ಇಂಜೆಕ್ಷನ್. ಪಾತ್ರೆ ತೊಳೆಯುವಾಗಲೂ ಅದನ್ನೇ ಗೊಣಗುತ್ತಿದ್ದೆ.

ವಸಂತಕಾಲದಲ್ಲಿ ಇವರು ಹೊಸ ಸುದ್ದಿ ತೆಗೆದರು. ಬೇಸಿಗೆಯಲ್ಲಿ ಕಂಪನಿಯ ಹಬ್ಬವಿದೆ, ಎಲ್ಲರ ಸಂಸಾರದ ಫೋಟೋ ತೆಗೆದು ಆಫೀಸಿನ ಗೋಡೆಗೆ ಹಾಕುತ್ತಾರೆ. ಅಷ್ಟರಲ್ಲಿ ನನ್ನ ಮುಂದಿನ ಹಲ್ಲುಗಳಿಗೆ ಕ್ಯಾಪ್ ಹಾಕಿಸಬೇಕು.

"ಕ್ಯಾಪ್ ಅಂದ್ರ ಏನ್ ಮಾಡ್ತಾರ?"

"ಏನೂ ಮಾಡೂದಿಲ್ಲ. ಮ್ಯಾಲ ತೊಡಸ್ತಾರ, ಬೆರಳಿಗೆ ಉಂಗುರ ತೊಡಿಸಿಧಂಗ."

ಮತ್ತೆ ಡಾಕ್ಟರಮ್ಮನಲ್ಲಿಗೆ ಹೋದೆವು. ಅವರು ಬೇರೆಬೇರೆ ಬಿಳಿಯ ಪುಟ್ಟ ಹಲ್ಲುಗಳನ್ನು ಜೋಡಿಸಿದ ಪಟ್ಟಿಯನ್ನು ನನ್ನ ತುಟಿಯ ಹತ್ತಿರ ಹಿಡಿದರು. ಸೀರೆಗೆ ಫಾಲ್ಸ್ ಮ್ಯಾಚ್ ಮಾಡುವವರಂತೆ ಇವರು ಬಗ್ಗಿ ನೋಡಿ ಎಲ್ಲಕ್ಕಿಂತ ಬೆಳ್ಳಗಿನದನ್ನು ಆರಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಡಾಕ್ಟರಮ್ಮ ನನ್ನ ಮುಂದಿನ ಹಲ್ಲನ್ನು ಕಡ್ಡಿಯಿಂದ ಟಕ್ ಟಕ್ ಎಂದು ತಟ್ಟಿ, ಹುಬ್ಬುಗಂಟಿಕ್ಕಿ, ಇವರಿಗೆ ಏನೋ ಹೇಳಿದರು. ಅದರಲ್ಲಿ "ಗೆಜುಂಡ್" ಅನ್ನುವ ಪದ ಬಂತು. ಆರೋಗ್ಯವಾಗಿದೆ ಅನ್ನುವುದಕ್ಕೆ ಆ ಪದ. ಕ್ಲಾಸಿನ ಮೊದಲ ವಾರದ ಪಾಠ.

"ಏನಂತ?"

"ಒಳಗ ಕೆಟ್ಟಾವಂತ. ಕ್ಯಾಪ್ ಹಾಕಲಿಲ್ಲಂದ್ರ ಉದುರತಾವಂತ."

ನನ್ನ ಜರ್ಮನ್ ಆಗ ಅಂಬೆಗಾಲಿನದು. ಇವರು ದಿನಾ ಆಫೀಸಿನಲ್ಲಿ ಮಾತಾಡುವವರು. ನಾನೇ ತಪ್ಪು ತಿಳಿದಿರಬೇಕು ಅಂದುಕೊಂಡೆ. ಹೇಗೂ ಉಂಗುರ ತೊಡಿಸುವುದಷ್ಟೇ ತಾನೆ, ಬೇಡವಾದರೆ ತೆಗೆದರಾಯಿತು.

ಕ್ಯಾಪಿನ ದಿನ ಕಾಯುವ ಕೋಣೆಯಲ್ಲಿ ಕೂತಿದ್ದೆವು. ಮೇಜಿನ ಮೇಲೆ, ಬಂದವರು ನೋಡಲಿ ಎಂದು, ಅಂಗೈಯಗಲದ ಒಂದು ದವಡೆಯ ಮಾದರಿ ಇಟ್ಟಿದ್ದರು. ಮುಂದಿನ ಹಲ್ಲುಗಳು ಮುತ್ತಿನಂತಿದ್ದವು. ಸುಮ್ಮನೆ ಒಂದನ್ನು ಮುಟ್ಟಿದೆ, ಕಳಚಿ ಕೈಗೆ ಬಂತು. ಒಳಗಿದ್ದದ್ದು ಹಲ್ಲಲ್ಲ. ಸುತ್ತಲೂ ಅರೆದು ಅರೆದು ಉಳಿಸಿದ ಒಂದು ಸಣ್ಣ ಗೂಟ. ನನ್ನ ಕಿರುಬೆರಳ ತುದಿಯಷ್ಟೂ ಇರಲಿಲ್ಲ.

"ಇದೇನ್ರೀ?"

ಇವರು ಕಸಿದುಕೊಂಡು ಕ್ಯಾಪನ್ನು ಮತ್ತೆ ಕೂರಿಸಿದರು. "ಅದು ಬ್ಯಾರೆಯವರ ಕೇಸ್. ನಿನಗ ಹಂಗಲ್ಲ."

ಅಷ್ಟರಲ್ಲಿ ಹೆಸರು ಕರೆದರು. ಎದ್ದು ಹೋದೆ. ಕಾಲು ತಾವಾಗಿಯೇ ನಡೆದವು, ಈಗ ನೆನೆದರೆ ಆ ಕಾಲಿನ ಮೇಲೂ ಸಿಟ್ಟು ಬರುತ್ತದೆ. ಕುರ್ಚಿ ಹಿಂದಕ್ಕೆ ಬಾಗಿತು, ತುಟಿಯ ಒಳಗೆಲ್ಲ ಹತ್ತಿ ತುರುಕಿದರು. ಡಾಕ್ಟರಮ್ಮ ನನ್ನ ತಲೆಯ ಮೇಲಿಂದ ಇವರನ್ನು ಕೇಳಿದರು. ಈ ಸಲ ನನಗೆ ಕೇಳಿಸಿತು. ಶ್ಪ್ರಿಟ್ಸೆ?

"ನೈನ್, ನೈನ್," ಅಂದರು ಇವರು, ನಗುತ್ತ.

ಡಾಕ್ಟರಮ್ಮ ಮಾಮೂಲಿನಂತೆ ತಮ್ಮ ಎಡಗೈ ಎತ್ತಿ ತೋರಿಸಿದರು. ಮೆಷಿನ್ನು ಕಿರುಗುಟ್ಟಿತು. ಹೊದಿಸಿದ ಬಟ್ಟೆಯ ಕೆಳಗೆ ನನ್ನ ಎಡಗೈ ಒದ್ದಾಡುತ್ತಿತ್ತು. ಎತ್ತು ಅನ್ನುತ್ತೇನೆ, ಏಳುತ್ತಿಲ್ಲ. ಗಂಗವ್ವ ಸತ್ತು ಎಷ್ಟೋ ವರ್ಷವಾಗಿದ್ದರೂ ಆ ಮಣಿಕಟ್ಟನ್ನು ಹಿಡಿದು ಕೂತಿದ್ದಳು. ಹಲ್ಲು ಸುಟ್ಟ ವಾಸನೆ ಬಂತು. ನನ್ನ ಹಲ್ಲು. ಅದರ ಒಂದು ಮೂಲೆ ಪುಡಿಯಾಗಿ ನಾಲಿಗೆಯ ಮೇಲೆ ಉದುರಿತು. ಆ ಗೂಟ ಕಣ್ಣ ಮುಂದೆ ಬಂತು. ಕಬ್ಬು ಸಿಗಿಯುತ್ತಿದ್ದ ಮುದುಕಿಯ ಬಾಯಿಯೂ ಬಂತು. ಬಿಡು ಬೇ ಕೈ, ಇದು ನಿನ್ನ ಹಲ್ಲೂ ಹೌದು ಅಂದೆ ಮನಸ್ಸಿನಲ್ಲೇ.

ಎಡಗೈ ಎತ್ತಿದೆ. ಬಟ್ಟೆಯನ್ನು ಕಿತ್ತುಕೊಂಡು, ಐದೂ ಬೆರಳು ಅಗಲಿಸಿ, ಡಾಕ್ಟರಮ್ಮನ ಕನ್ನಡಕದ ಮುಂದೆ.

ಮೆಷಿನ್ನು ತಟ್ಟನೆ ನಿಂತಿತು. ಅಷ್ಟು ಸುಲಭವಿತ್ತು! ದವಡೆ ಹಲ್ಲಿನ ದಿನವೂ ಹೀಗೇ ನಿಲ್ಲುತ್ತಿತ್ತಲ್ಲ ಎಂದು ಹೊಟ್ಟೆ ಉರಿಯಿತು. ಎದ್ದು ಕೂತು ಹತ್ತಿಯನ್ನೆಲ್ಲ ಕಿತ್ತು ಉಗುಳಿದೆ.

ಇವರು ಗಡಬಡಿಸಿ ಜರ್ಮನ್ನಿನಲ್ಲಿ ಏನೋ ಶುರುಮಾಡಿದರು.

"ನೀವು ಸುಮ್ಮನಿರ್ರಿ!" ಎಂದೆ. ಮದುವೆಯಾದ ಮೇಲೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಹಲ್ಲಿನ ಮೇಲೆ ಬೆರಳಿಟ್ಟು, ಹೌದೋ ಅಲ್ಲವೋ ಎಂದು ಡಾಕ್ಟರಮ್ಮನನ್ನು ಕೇಳಿದೆ, "ಗೆಜುಂಡ್? ಯಾ? ನೈನ್?"

"ಯಾ," ಅಂದರು ಅವರು. "ಗೆಜುಂಡ್."

ಹೊರಗೆ ಹೋಗಿ ಆ ಮಾದರಿಯನ್ನು ತಂದೆ. ಕ್ಯಾಪ್ ಕಳಚಿ, ಗೂಟ ತೋರಿಸಿ, ಇದು ಮತ್ತೆ ಬೆಳೆಯುತ್ತದೆಯೇ ಎಂದು ಕೈಸನ್ನೆಯಲ್ಲಿ ಕೇಳಿದೆ. ಅವರು ತಲೆಯಾಡಿಸಿದರು. ಇಲ್ಲ, ಯಾವತ್ತೂ ಇಲ್ಲ. ಮತ್ತೆ ಯಾಕೆ ಅರೆಯುತ್ತಿದ್ದೀರಿ ಎಂದೆ. ಡಾಕ್ಟರಮ್ಮ ಇವರ ಕಡೆಗೊಮ್ಮೆ ನೋಡಿ, ನನಗೆ ತಿಳಿಯುವ ಹಾಗೆ ಒಂದೊಂದೇ ಪದ ಬಿಡಿಸಿ ಹೇಳಿದರು. "ಬೇಡವೆಂದು ನಾನು ಹೇಳಿದೆ. ನೀವೇ ಹಟ ಹಿಡಿದಿದ್ದೀರಿ ಎಂದು ನಿಮ್ಮ ಗಂಡ ಹೇಳಿದರು."

ಇವರು ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದರು.

ನನ್ನ ಸಿಟ್ಟು ಡಾಕ್ಟರಮ್ಮನನ್ನೂ ಬಿಡಲಿಲ್ಲ. ಬಾಯಿ ನನ್ನದು, ಕೇಳಿದ್ದು ಇವರನ್ನು. ಇದ್ದಬದ್ದ ಜರ್ಮನ್ ಪದಗಳನ್ನೆಲ್ಲ ಒಟ್ಟುಗೂಡಿಸಿ ಅದನ್ನೇ ಹೇಳಿದೆ. ವ್ಯಾಕರಣ ಇತ್ತೋ ಇಲ್ಲವೋ, ಅರ್ಥವಂತೂ ಮುಟ್ಟಿತು. ಅವರ ಮುಖ ಕೆಂಪಾಯಿತು. ಕ್ಷಮೆ ಕೇಳಿದರು, ನನ್ನ ಕಣ್ಣು ನೋಡಿ ಕೇಳಿದರು. ಆಮೇಲೆ ಇವರನ್ನು ಹೊರಗೆ ಕೂರಿಸಿ, ಮುಕ್ಕಾದ ಮೂಲೆಯನ್ನು ನುಣುಪು ಮಾಡಿಕೊಡುತ್ತೇನೆ ಎಂದು ಸನ್ನೆ ಮಾಡಿದರು.

"ಶ್ಪ್ರಿಟ್ಸೆ?" ಎಂದು ನನ್ನನ್ನೇ ಕೇಳಿದರು.

ಅಷ್ಟಕ್ಕೆ ಇಂಜೆಕ್ಷನ್ ಬೇಕಾಗಿಯೇ ಇರಲಿಲ್ಲ. ಆದರೂ "ಯಾ" ಅಂದೆ. ಹಿಂದಿನ ಸಲದ ಬಾಕಿ.

ಬಸ್ಸಿನಲ್ಲಿ ಇವರು ಕಿಟಕಿಯ ಕಡೆ ಮುಖ ಮಾಡಿ ಕೂತರು. "ನಿನ್ನ ಛಂದಕ್ಕಂತನ ಮಾಡಿದ್ದು," ಅಂದರು.

"ನೋಡೇ ಒಪ್ಪಿದ್ರಲ್ಲ?" ಅಂದೆ. ಮರಗಟ್ಟಿದ ತುಟಿಯಿಂದ ಮಾತು ತೊದಲುತ್ತಿತ್ತು, ಆದರೆ ಅವರಿಗೆ ತಿಳಿಯಿತು. ನನಗೆ ಅಂದು ಹೆಣ್ಣು ನೋಡಲು ಬಂದಿದ್ದ ಆ ಹುಬ್ಬಳ್ಳಿಯ ಹುಡುಗನ ಮಾತು ನೆನಪಾಗಿ ಅಳು ಬಂತು. ಸಿಟ್ಟಿನ ಅಳುವೇ ಅದು, ಬೇರೇನಲ್ಲ.

ಬೇಸಿಗೆಯ ಹಬ್ಬ ಬಂತು. ಬಾಸು, ಬಾಸಿನ ಹೆಂಡತಿ, ಸುಹಾಸ್, ಎಲ್ಲರೂ ಇದ್ದರು. ಬಾಸಿನ ಹೆಂಡತಿಗೆ ನಾನೇ ಹೋಗಿ ಹೇಳಿದೆ: ಸಿಗರೇಟಲ್ಲ, ನಮ್ಮೂರ ನೀರು. ಆಕೆ ಅಯ್ಯೋ ಎಂದು ನನ್ನ ಕೈ ಹಿಡಿದುಕೊಂಡಳು. ಫೋಟೋಗೆ ನಮ್ಮಿಬ್ಬರನ್ನು ಮರದ ಕೆಳಗೆ ನಿಲ್ಲಿಸಿದರು. ಫೋಟೋದವನು ಕ್ಯಾಮೆರಾ ಎತ್ತಿದ. ಇವರು ನನ್ನ ಕಡೆ ವಾಲಿ ಮೆಲ್ಲಗೆ, "ಬಾಯಿ..." ಎಂದರು.

ನಾನು ಎಡಗೈ ಎತ್ತಿದೆ.

ಇವರು ತಟ್ಟನೆ ನಿಲ್ಲಿಸಿದರು. ಆ ಫೋಟೋ ಈಗಲೂ ಅವರ ಆಫೀಸಿನ ಗೋಡೆಯ ಮೇಲಿದೆ. ಅದರಲ್ಲಿ ಬಾಯಿ ಮುಚ್ಚಿಕೊಂಡಿರುವವರು ಇವರು.