ಎಡಗಡೆಯ ಹೊಸ್ತಿಲು

ಕಾಲು ಮುರಿದುಕೊಂಡಿದ್ದ ತಂಗಿಯ ಮನೆಯಲ್ಲಿ ಒಂಬತ್ತು ದಿನ ಇದ್ದು ಮಧ್ಯಾಹ್ನ ಮನೆಗೆ ಬಂದವಳು, ಕೈಚೀಲ ಕೆಳಗಿಡುವ ಮೊದಲೇ ಕಾರಿನ ಶೆಡ್ಡಿನತ್ತ ನೋಡಿದಳು. ಶೆಡ್ಡಿನ ಬಾಗಿಲು ಹಾರುಹೊಡೆದಿತ್ತು. ಒಳಗೆ ಕೆನೆಬಣ್ಣದ, ಮುಖ ನೋಡಿಕೊಳ್ಳುವಷ್ಟು ಮಿರುಗುವ ಕಾರೊಂದು ನಿಂತಿತ್ತು. ಅದು ತನ್ನದೇ ಕಾರು ಎಂದು ಗೊತ್ತಾಗಲು ಅವಳಿಗೆ ಒಂದು ಗಳಿಗೆ ಹಿಡಿಯಿತು.

"ಛೆ, ಕಣ್ಣು ಮುಚ್ಚಿಸಿ ಕರ್ಕೊಂಡು ಬರೋಣ ಅಂತಿದ್ದೆ, ಅಷ್ಟರಲ್ಲಿ ನೋಡೇಬಿಟ್ಯಾ?" ಗಂಡ ಲೋಟ ಹಿಡಿದುಕೊಂಡೇ ಹಿಂದೆ ಬಂದ. "ಹೆಂಗಿದೆ ಹೇಳು!"

"ಯಾರು ಮಾಡಿದ್ದು?"

"ನಿನ್ ತಮ್ಮ ಪೇಂಟರನ್ನ ಕರ್ಕೊಂಡು ಬಂದಿದ್ದ. ಐದೇ ದಿನ ಕಣೇ! ನೀನು ಎರಡು ವರ್ಷದಿಂದ ಟಕಟಕ ಅಂತ ಕುಟ್ತಾ ಕೂತಿದ್ಯಲ್ಲ, ಅವನು ಐದೇ ದಿನದಲ್ಲಿ ಮುಗಿಸಿದ."

ಅವಳು ಕೈಚೀಲ ಅಲ್ಲೇ ನೆಲಕ್ಕಿಟ್ಟು ಶೆಡ್ಡಿನೊಳಗೆ ಹೋದಳು.

ಕಾರು ಅಪ್ಪನದು. ಮನೆಯಲ್ಲಿ ಅದಕ್ಕೆ ಮುದುಕಿ ಎಂದೇ ಹೆಸರು. ಅಪ್ಪ ಹೋದಾಗ ತಮ್ಮ, "ಗುಜರಿಗೆ ಹಾಕಿ ಕೈ ತೊಳ್ಕೊಳ್ಳೋಣ" ಎಂದಿದ್ದ. ಹಾಕಲು ಬಿಡದೆ ತನ್ನ ಮನೆಗೆ ಎಳೆಸಿಕೊಂಡು ಬಂದವಳು ಅವಳು. ಮೂವತ್ತು ವರ್ಷ ಊರವರ ಅಂಗಿ, ಕೋಟು ಹೊಲಿದ ಕೈ. ಯಾರೂ ಕಲಿಸದಿದ್ದರೂ ತಗಡಿನ ಕೆಲಸ ಆ ಕೈಗೆ ಅಷ್ಟೇನೂ ಹೊಸತೆನಿಸಲಿಲ್ಲ. ತುಕ್ಕು ಹಿಡಿದ ಜಾಗವನ್ನು ಸುತ್ತಿಗೆಯ ಹಿಂಬದಿಯಿಂದ ತಟ್ಟಿ ನೋಡುವಳು. ಗಟ್ಟಿಯಿದ್ದರೆ ಗಂಟೆಯ ಹಾಗೆ ಸದ್ದು, ಸತ್ತಿದ್ದರೆ ಒದ್ದೆ ರಟ್ಟಿನ ಹಾಗೆ. ಸತ್ತ ಜಾಗಕ್ಕೆ ಹೊಲಿಗೆಯ ಸೀಮೆಸುಣ್ಣದಿಂದ ಸುತ್ತ ಗೆರೆ, ಅದಕ್ಕೊಂದು ನಂಬರು. ಆಮೇಲೆ ಆ ಆಕಾರಕ್ಕೆ ರಟ್ಟು ಕತ್ತರಿಸಿ, ಅದನ್ನು ತಗಡಿನ ಮೇಲಿಟ್ಟು, ಅಂಚಿಗೆ ಅರ್ಧ ಬೆರಳು ಬಿಟ್ಟು ಕೊಯ್ಯುವುದು. ಕೋಟಿನ ಕಂಕುಳಿಗೆ ತೇಪೆ ಹಾಕುವುದೂ ಹೀಗೆಯೇ. ವೆಲ್ಡಿಂಗ್ ಕಲಿಯಲು ಮಾತ್ರ ಪೇಟೆಯ ವರ್ಕ್‌ಶಾಪಿನಲ್ಲಿ ಮೂರು ತಿಂಗಳು ಭಾನುವಾರ ಹೋಗಿ ಬಂದಿದ್ದಳು. ಅಲ್ಲಿನ ಮೇಸ್ತ್ರಿ ಮೊದಲ ದಿನ ನಕ್ಕಿದ್ದ. ಕೊನೆಯ ದಿನ ತನ್ನ ಹಳೆಯ ಕಪ್ಪು ಕನ್ನಡಕವನ್ನು ಅವಳಿಗೇ ಕೊಟ್ಟಿದ್ದ.

ಬಲಗಡೆ ಪೂರ್ತಿ ಮುಗಿದಿತ್ತು. ಎಡಗಡೆಯೇ ಕಷ್ಟದ್ದು. ಬಾಗಿಲುಗಳ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹೋಗುವ ಪೊಳ್ಳು ತೊಲೆಯೊಂದಿದೆ, ಅವಳು ಅದನ್ನು ಹೊಸ್ತಿಲು ಎನ್ನುತ್ತಿದ್ದಳು. ಕಾರಿನ ಅರ್ಧ ಭಾರ ಹೊರುವುದು ಅದೇ. ಅಪ್ಪ ವರ್ಷಕ್ಕೊಮ್ಮೆ ಅದಕ್ಕೆ ಟಾರು ಬಳಿದು, ಒಳಗೆ ನಿಂತ ನೀರು ಹೊರಬರುವ ತೂತುಗಳನ್ನೂ ಸೇರಿಸಿ ಮುಚ್ಚುತ್ತಿದ್ದರು. "ನೋಡು, ಎಷ್ಟು ಚೊಕ್ಕಟ!" ಎನ್ನುತ್ತಿದ್ದರು. ಹೊರಗಿನ ಟಾರು ಕಪ್ಪಗೆ ಹೊಳೆಯುತ್ತಿದ್ದಂತೆ ಒಳಗೆ ಹೊಸ್ತಿಲು ಕೊಳೆಯಿತು. ಅಲ್ಲಿಗೆಂದು ಅವಳು ಹನ್ನೊಂದು ರಟ್ಟುಗಳನ್ನು ಕತ್ತರಿಸಿ ಗೋಡೆಯ ಮೊಳೆಗಳಿಗೆ ನೇತುಹಾಕಿ ಹೋಗಿದ್ದಳು.

ಮೊಳೆಗಳು ಖಾಲಿಯಿದ್ದವು.

"ಇಲ್ಲಿ ರಟ್ಟುಗಳಿದ್ವಲ್ಲ?"

"ಅವಾ? ನೆಲದ ಮೇಲೆ ಬಣ್ಣ ಬೀಳಬಾರದು ಅಂತ ಪೇಂಟರ್ ಕೆಳಗೆ ಹಾಸ್ಕೊಂಡಿದ್ದ." ಗಂಡ ಖುಷಿಯಿಂದಲೇ ಹೇಳುತ್ತಿದ್ದ. "ಕಾರಿನ ತುಂಬಾ ಸೀಮೆಸುಣ್ಣದಲ್ಲಿ ಗೀಚಿದ್ಯಲ್ಲ, ಅದನ್ನ ನಾನೇ ಒದ್ದೆಬಟ್ಟೆ ತಗೊಂಡು ಒರೆಸಿದೆ. ಅರ್ಧ ದಿನ ಹಿಡೀತು ಗೊತ್ತಾ!"

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಪ್ಪತ್ತೇಳು ವರ್ಷ ಜೊತೆಗಿದ್ದ ಮನುಷ್ಯ. ಅವಳು ಹೊಲಿಯಲು ಬಟ್ಟೆಯ ಮೇಲೆ ಎಳೆದ ಗೆರೆಯನ್ನು ಒಮ್ಮೆಯೂ ಮುಟ್ಟಿದವನಲ್ಲ. ಬಟ್ಟೆಯ ಮೇಲಿದ್ದರೆ ಅದು ಕೆಲಸ, ಕಾರಿನ ಮೇಲಿದ್ದರೆ ಗೀಚಾಟ. ಅವನಿಗೆ ಕೆಟ್ಟ ಬುದ್ಧಿಯಿರಲಿಲ್ಲ. ಬೈಯಲು ಒಂದು ಹಿಡಿಯೂ ಸಿಗದಷ್ಟು ಒಳ್ಳೆಯವನು ಎಂಬುದೇ ಸಿಟ್ಟನ್ನು ಹೆಚ್ಚಿಸಿತು.

ಒಳಗೆ ಹೋಗಿ, ಹೊಲಿಗೆ ಮೇಜಿನ ಮೇಲೆ ಸೂಜಿಗಳನ್ನು ಬಾಚುವ ಅಯಸ್ಕಾಂತ ತಂದಳು. ಬಲಗಡೆಯ ಹೊಸ್ತಿಲಿಗೆ ಹಿಡಿದಳು, ಗಪ್ಪನೆ ಕಚ್ಚಿಕೊಂಡಿತು. ಎಡಗಡೆ ಹಿಡಿದಳು. ಜಾರಿ ನೆಲಕ್ಕೆ ಬಿತ್ತು. ಒಂದು ಗೇಣು ಮುಂದೆ ಹಿಡಿದಳು, ಮತ್ತೆ ಬಿತ್ತು. ತಗಡಿದ್ದರಲ್ಲವೇ ಕಚ್ಚುವುದು? ಅಲ್ಲಿದ್ದದ್ದು ತೂತು ಮುಚ್ಚಲು ಮೆತ್ತಿದ ಬರೀ ಪುಟ್ಟಿ, ಅದರ ಮೇಲೆ ಬಣ್ಣ.

ಅಷ್ಟರಲ್ಲಿ ತಮ್ಮ ಗೇಟು ತೆಗೆದುಕೊಂಡು ಬಂದ, ಕೈಯಲ್ಲಿ ಒಂದು ಕಾಗದ.

"ಅಕ್ಕಾ! ನೋಡಿದ್ಯಾ ಮುದುಕೀನ? ಪೌಡರ್ ಗಿವ್ಡರ್ ಹಾಕ್ಸಿ ಮದುಮಗಳು ಮಾಡಿದೀನಿ. ಭಾನುವಾರ ಹಳೆ ಕಾರುಗಳ ಮೇಳಕ್ಕೆ ಹೆಸರು ಕೊಟ್ಟಾಯ್ತು. ನಿನ್ ಮಗಳೇ ಓಡಿಸ್ಲಿ, ನಾವೆಲ್ಲ ಕೂತ್ಕೊಂಡು ಹೋಗೋಣ."

ಅವಳು ಕಾಗದ ಇಸಿದುಕೊಂಡು ಓದಿದಳು. ಕಾರನ್ನು ಸರಿಪಡಿಸಿದವರು ಎಂಬಲ್ಲಿ ತಮ್ಮನ ಹೆಸರಿತ್ತು.

"ಇದೇನೋ ಇದು?"

"ಅಯ್ಯೋ, ಯಾರದಾದ್ರೂ ಒಂದು ಹೆಸರು ಬರೀಬೇಕಲ್ಲ! ಹೆಂಗಸರು ವೆಲ್ಡಿಂಗ್ ಮಾಡಿದ್ರು ಅಂದ್ರೆ ನೂರು ಪ್ರಶ್ನೆ ಕೇಳ್ತಾರೆ. ನಿನಗ್ಯಾಕೆ ಆ ರಗಳೆ ಅಂತ."

"ಪ್ರಶ್ನೆ ಕೇಳಿದ್ರೆ ಉತ್ತರ ನನಗೆ ಗೊತ್ತಿತ್ತು. ನಿನಗೆ ಗೊತ್ತಾ? ಈ ಎಡಗಡೆ ಒಳಗೆ ಏನಿದೆ ಹೇಳು."

"ಏನಿರುತ್ತೆ, ಕಬ್ಬಿಣ."

"ಮೇಲೆ ಥಳುಕು, ಒಳಗೆ ಹುಳುಕು. ಈ ಕಾರು ಭಾನುವಾರ ರಸ್ತೆಗೆ ಇಳಿಯಲ್ಲ. ನನ್ನ ಮಗಳಂತೂ ಇದರಲ್ಲಿ ಕೂರಲ್ಲ."

"ನೋಡಿದ್ರಾ ಭಾವ, ಒಳ್ಳೇದು ಮಾಡಿದ್ರೆ ಇದು ಬಹುಮಾನ!" ತಮ್ಮ ಗಂಡನ ಕಡೆ ತಿರುಗಿ ನಕ್ಕ. "ಅಕ್ಕಂಗೆ ಹೊಟ್ಟೆಉರಿ. ಎರಡು ವರ್ಷದ ಕೆಲಸ ಐದು ದಿನದಲ್ಲಿ ಆಯ್ತಲ್ಲ, ಅದಕ್ಕೆ."

"ಹೋಗ್ಲಿ ಬಿಡೇ, ಇದೊಂದು ಭಾನುವಾರ ಹೋಗಿ ಬರೋಣ. ಆಮೇಲೆ ನೀನು ಬೇಕಾದ್ದು ಮಾಡ್ಕೋ," ಎಂದ ಗಂಡ.

ಇದೊಂದು ಸಲ, ಆಮೇಲೆ ನೋಡೋಣ. ಈ ಮಾತನ್ನು ಅವಳು ತವರಿನಲ್ಲಿ ಕೇಳಿದ್ದಳು, ಇಲ್ಲಿಯೂ ಕೇಳಿದ್ದಳು. ಅವಳೂ ಹೇಳಿಕೊಂಡಿದ್ದಳು, ಎಷ್ಟೋ ಸಲ, ತನಗೆ ತಾನೇ. ಈ ಸಲ ಹೇಳಿಕೊಳ್ಳಲಿಲ್ಲ.

ಅವಳು ಮೂಲೆಯಲ್ಲಿದ್ದ ಜಾಕನ್ನು ಎಳೆದು ತಂದಳು. ಬಲಗಡೆಯ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕನ್ನು ಎಡಗಡೆಯ ಹೊಸ್ತಿಲ ಕೆಳಗೆ, ಟೈರು ಬದಲಿಸುವಾಗ ಎಲ್ಲರೂ ಇಡುವ ಜಾಗದಲ್ಲೇ ಇಟ್ಟಳು.

"ಬಾ, ಎತ್ತು."

"ಯಾಕೆ?"

"ಕಬ್ಬಿಣ ಅಂದ್ಯಲ್ಲ. ದಾರೀಲಿ ಟೈರು ಪಂಕ್ಚರ್ ಆಯ್ತು ಅಂದ್ಕೋ. ನನ್ನ ಮಗಳು ಕಾರಿನ ಪಕ್ಕ ಕೂತು ಎತ್ತುತ್ತಾ ಇದ್ದಾಳೆ ಅಂದ್ಕೋ. ಎತ್ತು."

ತಮ್ಮ ಹುಬ್ಬು ಹಾರಿಸಿ ಭಾವನನ್ನು ನೋಡಿ, ಹಿಡಿ ತಿರುಗಿಸತೊಡಗಿದ. ಜಾಕು ಏರಿ ಕಾರಿಗೆ ತಾಗಿತು. ಇನ್ನೂ ನಾಲ್ಕು ಸುತ್ತು. ಚಕ್ರ ನೆಲ ಬಿಡಲಿಲ್ಲ. ಐದನೆಯ ಸುತ್ತಿಗೆ ಒಣಗಿದ ಹಪ್ಪಳ ಮುರಿದಂಥ ಸದ್ದು. ಕಾರು ಇದ್ದಲ್ಲೇ ಇತ್ತು, ಜಾಕು ಮಾತ್ರ ಏರಿತು. ಕೆನೆಬಣ್ಣ ಬಿರಿದು, ಪುಟ್ಟಿ ಹೆಂಚಿನ ಚೂರಿನಂತೆ ಉದುರಿ, ಒಳಗಿಂದ ಕೆಂಪು ತುಕ್ಕಿನ ಪುಡಿ ತಮ್ಮನ ಷೂಗಳ ಮೇಲೆ ಸುರಿಯಿತು. ಅವನು ಹಿಡಿ ಬಿಟ್ಟು ಎರಡು ಹೆಜ್ಜೆ ಹಿಂದೆ ಹಾರಿದ.

ಗಂಡ ಬಗ್ಗಿ ಆ ತೂತಿನೊಳಗೆ ನೋಡಿದ. ಬಣ್ಣ ಹೊಳೆಯುತ್ತಿದ್ದ ಜಾಗದಲ್ಲಿ ಕೈ ತೂರಿಸಬಹುದಾಗಿತ್ತು.

"ನಾನು ಒರೆಸಿದ್ದು ಇದನ್ನೇನಾ?" ಎಂದ ಮೆಲ್ಲಗೆ.

"ಏಳನೇ ನಂಬರು," ಎಂದಳು.

ತಮ್ಮ ಮಾತ್ರ ಸೋಲಲಿಲ್ಲ. "ಪೇಂಟರ್‌ಗೆ ಹೇಳಿ ನಾಳೇನೇ ಇನ್ನೊಂದಿಷ್ಟು ತುಂಬಿಸಿದ್ರೆ ಆಯ್ತು. ಮೇಳದಲ್ಲಿ ಕಾರಿನ ಅಡಿಗೆ ಬಗ್ಗಿ ನೋಡೋರು ಯಾರು?"

ಆಗ ಅವಳೊಳಗೆ ಇದುವರೆಗೆ ಕುದಿಯುತ್ತಿದ್ದುದು ಉಕ್ಕಿತು. "ನಾನು ನೋಡ್ತೀನಿ! ಎರಡು ವರ್ಷದಿಂದ ಅಡಿಗೆ ಮಲಗಿ ನೋಡ್ತಾ ಇರೋಳು ನಾನು. ಕಣ್ಣಿಗೆ ತುಕ್ಕು ಬಿದ್ದು ಆಸ್ಪತ್ರೆಗೆ ಹೋದೋಳು ನಾನು. ನೀನು ಎಲ್ಲಿದ್ದೆ? ಗುಜರಿಗೆ ಹಾಕು ಅಂದೋನು, ಈಗ ನಾಲ್ಕು ಜನ ಕೈ ತಟ್ಟುತ್ತಾರೆ ಅಂದ ಕೂಡಲೇ ಹೆಸರು ಬರ್ಕೊಂಡು ಬಂದ್ಯಾ?"

"ಅಕ್ಕಾ, ಅಕ್ಕಪಕ್ಕದೋರು ಕೇಳಿಸ್ಕೊಳ್ತಾರೆ."

"ಕೇಳಿಸ್ಕೊಳ್ಳಲಿ. ಬೇಕಿದ್ರೆ ಕುರ್ಚಿ ಹಾಕಿಕೊಡ್ತೀನಿ."

ತಮ್ಮನ ಫೋನು ಹೊಡೆದುಕೊಂಡಿತು. ಅವನು ಪರದೆ ನೋಡಿ, "ಮೇಳದವರು" ಎಂದು ಬಾಯಿ ತಪ್ಪಿ ಹೇಳಿಬಿಟ್ಟ. ಅವಳು ಕೈ ಚಾಚಿದಳು. ಅವನು ಕೊಡಲಿಲ್ಲ. ಗಂಡ ನಡುವೆ ಬಂದು, "ಕೊಡೋ," ಎಂದ. ಆ ಒಂದೇ ಮಾತು. ತಮ್ಮ ಕೊಟ್ಟ.

"ನಮಸ್ಕಾರ," ಎಂದಳು. "ಆ ಕೆನೆಬಣ್ಣದ ಕಾರು ಭಾನುವಾರ ಬರಲ್ಲ, ಹೆಸರು ಹೊಡೆದುಹಾಕಿ."

ಆ ಕಡೆಯವನು ಯಜಮಾನರ ಜೊತೆ ಮಾತಾಡಬೇಕಿತ್ತು ಎಂದ.

"ಕಾರಿಗೆ ನಾನೇ ಯಜಮಾನಿ. ಕೆಲಸ ಮಾಡ್ತಿರೋಳೂ ನಾನೇ. ಇಲ್ಲ, ಇನ್ನೂ ಮುಗಿದಿಲ್ಲ. ಮುಗಿದಾಗ ನಾನೇ ಫೋನ್ ಮಾಡ್ತೀನಿ, ಕಾಗದ ನಾನೇ ತುಂಬ್ತೀನಿ."

ಫೋನನ್ನು ತಮ್ಮನ ಕೈಗಿಟ್ಟಳು. ಅವನು ಷೂ ಕೊಡವಿಕೊಂಡು, "ನಿನ್ನ ಜೊತೆ ಏಗೋಕಾಗಲ್ಲ ಮಾರಾಯ್ತಿ," ಎನ್ನುತ್ತ ಹೊರಟ. ಗೇಟು ಬಡಿದ ಸದ್ದು ಬೀದಿಗೆಲ್ಲ ಕೇಳಿಸಿತು.

ಗಂಡ ಅಲ್ಲೇ ನಿಂತಿದ್ದ. "ಆ ರಟ್ಟುಗಳು ಸಿಗುತ್ತಾ ನೋಡ್ಲಾ? ಹಿತ್ತಲಲ್ಲಿ ಬಿಸಾಕಿರಬಹುದು."

"ಬೇಡ. ಒದ್ದೆಯಾದ ರಟ್ಟು ಅಳತೆ ಕೊಡಲ್ಲ. ಹೊಸದು ಕತ್ತರಿಸ್ತೀನಿ."

"ನನ್ನ ಮೇಲೆ ಸಿಟ್ಟಾ?"

"ಹೌದು."

ಅವನು ಪೊರಕೆ ತರಲು ಹೋದ.

ಅವಳು ಜಾಕನ್ನು ಇಳಿಸಿ ಪಕ್ಕಕ್ಕೆ ಸರಿಸಿದಳು. ಸಿಟ್ಟಿನ ಕೈಯಲ್ಲಿ ವೆಲ್ಡಿಂಗ್ ಮಾಡಬಾರದು, ತೆಳು ತಗಡು ಸುಟ್ಟು ತೂತು ಬೀಳುತ್ತದೆ. ಅಳತೆ ತೆಗೆಯಲೂಬಾರದು. ಆದರೆ ಪುಟ್ಟಿ ಕೀಳುವುದಕ್ಕೆ ಸಿಟ್ಟಿಲ್ಲದ ಕೈಯೇ ಬೇಕೆಂದಿಲ್ಲ. ಪ್ರಯಾಣದ ಸೀರೆಯ ಮೇಲೆಯೇ ಕೆಲಸದ ದಪ್ಪ ಕೋಟು ತೊಟ್ಟು, ಚೂರು ಕಣ್ಣಿಗೆ ಸಿಡಿಯದಂತೆ ಬಿಳಿ ಕನ್ನಡಕ ಹಾಕಿಕೊಂಡು, ಉಳಿಯನ್ನು ಮುಂದಿನ ಬಾಗಿಲ ಕೆಳಗಿನ ಹೊಚ್ಚಹೊಸ ಬಣ್ಣಕ್ಕೆ ಆನಿಸಿ ಸುತ್ತಿಗೆ ಬೀಸಿದಳು. ಅಂಗೈಯಗಲದ ಕೆನೆಬಣ್ಣ ಎದ್ದು ಬಂತು. ಮುಂದಿನ ಹೊಡೆತಕ್ಕೆ ಇನ್ನೊಂದು. ಹಿಂದಿನ ಚಕ್ರದವರೆಗೂ ಇನ್ನೂ ನಾಲ್ಕು ಮೊಳ ಇತ್ತು.