ಯಾರ ಮಗನೆಂದು ಅಳುವುದು

ಶವಪೆಟ್ಟಿಗೆಗೆ ಹಾಕಲು ತಂದ ಮುಚ್ಚಳವನ್ನು ಬಾಯವ್ವ ಹಿಡಿದುಕೊಂಡಳು.

"ತಡೀರಿ. ನಾ ಇನ್ನೂ ಹಾಡ್ಯಾಡಿ ಅತ್ತಿಲ್ಲ."

ಬೈಲಹೊಂಗಲದಲ್ಲಿ ಫಾದರ್ ಲಿಗೋರಿ ನಡೆಸಿದ ಹಾಸ್ಟೆಲಿಗೆ ಮೂವತ್ತು ವರ್ಷ ರೊಟ್ಟಿ ಬಡಿದವಳು ಅವಳು. ಕಣ್ಣೀರಿಗೆ ಕೊರತೆಯಿರಲಿಲ್ಲ. ಆದರೆ ಹಾಡಿ ಅಳುವಾಗ ಇಂಥವಳ ಮಗನೇ ಎಂದು ಕರೆದೇ ಶುರುಮಾಡಬೇಕು. ಎಂಬತ್ತು ದಾಟಿದ ಈ ಜೆಸ್ವಿಟ್ ಪಾದ್ರಿ ಯಾರ ಮಗ?

"ಬಾಬಾಜಾನಣ್ಣ, ಇವರವ್ವನ ಹೆಸರೇನ?"

ಫಾದರ್ ಜೀಪಿನ ಚಾಲಕ ಬಾಬಾಜಾನ ತಲೆ ಕೆರೆದುಕೊಂಡ. "ಸವದತ್ತಿ, ರಾಮದುರ್ಗ, ಯಾವ ಹಳ್ಳಿ ಬಿಟ್ಟೇವಿ? ತಮ್ಮೂರ ಹಾದಿ ಮಾತ್ರ ಒಂದಿನಾನೂ ಹೇಳಲಿಲ್ಲ ನೋಡವ್ವ."

ಬೆಂಗಳೂರಿನ ಜೆಸ್ವಿಟ್ ಸಂಘದ ಕಚೇರಿಗೆ ಫೋನು ಹಚ್ಚಿದ್ದ ಎಳೆಯ ಪಾದ್ರಿ ಬಂದರು. "ಕಚೇರಿಗೆ ಇಂದು ರಜೆಯಮ್ಮ. ಸೋಮವಾರ ನೋಡಿ ಹೇಳುತ್ತಾರಂತೆ."

"ಅಲ್ಲೀತನಕಾ ಬಾಯಿ ಕಟಗೊಂಡು ಕುಂದರ್ಲೇನ್ರಿ?"

ಮೈಕಿನಲ್ಲಿ ಮುಖ್ಯ ಅತಿಥಿಗಳು ರಾಷ್ಟ್ರ ನಿರ್ಮಾಣವನ್ನು ಮೂರನೆಯ ಸಲ ಮುಗಿಸುತ್ತಿದ್ದರು. "ಇಡೀ ತಾಲೂಕಿಗೇ ತಂದೆಯಾಗಿದ್ದರು" ಎಂದಾಗ ಚಪ್ಪಾಳೆ ಬಿತ್ತು. ಎದುರಿಗೆ ಹೆಣವಿರುವುದು ನೆನಪಾಗಿ ಅರ್ಧಕ್ಕೇ ನಿಂತಿತು.

"ಎಲ್ಲಾರೂ ಅಪ್ಪಾ ಅಂದ್ರಿ," ಬಾಯವ್ವ ಪಕ್ಕದಲ್ಲಿದ್ದ ಪ್ರಜ್ಞಾಳಿಗೆ ಹೇಳಿದಳು. ಹಾಸ್ಟೆಲಿನಲ್ಲೇ ಬೆಳೆದ ಪ್ರಜ್ಞಾ ಈಗ ತಹಶೀಲ್ದಾರ್. "ಮಗಾ ಅಂದಾಕಿ ಯಾರವಾ?"

"ನಾ ಒಮ್ಮೆ ಕೇಳಿದ್ದೆ."

*

ಆಗ ಪ್ರಜ್ಞಾಳಿಗೆ ಆರು ವರ್ಷ. ಅಪ್ಪನ ಹೆಸರು ಹೇಳಲಾರದ್ದಕ್ಕೆ ಊರ ಸಾಲೆಯವರು ಹೊರಗೆ ನಿಲ್ಲಿಸಿದ್ದರು. ಲಿಗೋರಿ ಕೇಳಿದ್ದು ಒಂದೇ.

"ಅವ್ವನ ಹೆಸರೇನವಾ?"

"ಶಟ್ಟೆವ್ವ."

"ಭಾರತ ದೇಶಕ್ಕ ಅಷ್ಟು ಸಾಕು. ಒಳಗ ಬಾ."

ಹುಡುಗಿಗೆ ಧೈರ್ಯ ಬಂತು. "ನಿಮ್ಮವ್ವನ ಹೆಸರ್ರೀ?"

ಅವರು ಕನ್ನಡಕ ತೆಗೆದರು. ಒಂದು ಗಳಿಗೆ ಬೇರೆಲ್ಲೋ ನೋಡಿದರು. ಹೇಳಲೆಂದು ಬಾಯಿ ತೆರೆದರು.

"ರೊಟ್ಟಿ ಆರಾಕ ಹತ್ಯಾವು, ಬರ್ರಿ!" ಅಡುಗೆಮನೆಯಿಂದ ಬಾಯವ್ವ ಕೂಗಿದಳು.

ಅವರು ಕನ್ನಡಕ ಹಾಕಿಕೊಂಡು ಎದ್ದರು.

*

"ಏನಂದ್ರು?" ಬಾಯವ್ವನ ಬೆರಳು ಪ್ರಜ್ಞಾಳ ಮಣಿಕಟ್ಟಿಗೆ ಒತ್ತಿತು.

ಪ್ರಜ್ಞಾ ಆ ಮುದಿ ಮುಖವನ್ನು ನೋಡಿದಳು. "ಮರತೇನಿ ಯವ್ವಾ."

ಬಾಯವ್ವ ಮುಚ್ಚಳದಿಂದ ಕೈ ತೆಗೆದಳು.

ಮಣ್ಣು ಹಾಕಿ ಕೈ ತೊಳೆದವರು ಹೊರಟರು. ಪ್ರಜ್ಞಾಳಿಗೆ ಚುನಾವಣೆಯ ಮೀಟಿಂಗಿತ್ತು. ಅವಳ ಜೀಪೂ ಹೋಯಿತು. ಬಾಯವ್ವ ಹಸಿಮಣ್ಣಿನ ಪಕ್ಕ ಕುಳಿತು ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು.

"ಬಾಯವ್ವನ ಮಗನಽ..."

ತನಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಮಗನಿಗೆ ಒಂದು ಸಾಲು ಹಾಡಿದಳು. ಸತ್ತವನ ಅಕ್ಕತಂಗಿಯರು ದನಿಗೂಡಿಸಬೇಕಾದ ಕಡೆ ಹಾಡು ನಿಲ್ಲಿಸಿದಳು. ಅಲ್ಲಿಲ್ಲದ ಅವರು ಹಾಡಿ ಮುಗಿಸುವಷ್ಟು ಹೊತ್ತು ಕಾದು, ಎರಡನೆಯ ಸಾಲು ಎತ್ತಿಕೊಂಡಳು.